ನೂರಕ್ಕೆ ತಿಂಗಳಿಗೆ ಎಷ್ಟು?



ಇವತ್ತಿನ ನನ್ನ ಮಾತು ಈ ವರ್ಷವೋ ಹೋದ ವರ್ಷವೋ ಕೆಲಸಕ್ಕೆ ಸೇರಿದ ನಮ್ಮ ತುಮಕೂರು ಕಡೆಯ ಹುಡುಗ ಹುಡುಗಿಯರಿಗೆ. ವಸಂತನರಸಾಪುರ, ಹಿರೇಹಳ್ಳಿ, ಅಂತರಸನಹಳ್ಳಿಯ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗುವವರಿಗೆ, ಕುಣಿಗಲ್ಲಿನ ಅಂಚೇಪಾಳ್ಯಕ್ಕೆ ಹೋಗುವವರಿಗೆ, ಗುಬ್ಬಿಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಊಟದ ಹೊತ್ತಿಗೆ ಮನೆ ಸೇರುವವರಿಗೆ. ತುಮಕೂರಿನ ನಮ್ಮ ಸದಾಶಿವನಗರದಲ್ಲಿ ಇಬ್ಬರು ಮೂವರು ಸೇರಿ ಒಂದು ರೂಮು ಹಿಡಿದು, ಅಡುಗೆ ಪಾಳಿ ಹಾಕಿಕೊಂಡು ಬದುಕು ಶುರುಮಾಡಿದವರೂ ಬೇಕಾದಷ್ಟಿದ್ದಾರೆ. ಅವರಿಗೂ ಈ ಮಾತು.

ನಮ್ಮ ಜಿಲ್ಲೆಯಲ್ಲಿ ಹತ್ತು ಹನ್ನೆರಡು ವರ್ಷಗಳಲ್ಲಿ ಒಂದು ದೊಡ್ಡ ಬದಲಾವಣೆ ಆಗಿದೆ. 2014ರ ಸೆಪ್ಟೆಂಬರಿನಲ್ಲಿ ವಸಂತನರಸಾಪುರದ ಫುಡ್ ಪಾರ್ಕ್ ಉದ್ಘಾಟನೆಯಾಯಿತು. 2023ರ ಫೆಬ್ರುವರಿಯಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಶುರುವಾಯಿತು. ಅಡಿಕೆ, ಕೊಬ್ಬರಿ, ರಾಗಿಯ ದುಡ್ಡು ವರ್ಷಕ್ಕೆ ಒಂದೋ ಎರಡೋ ಸಲ ಬರುತ್ತಿದ್ದ ಮನೆಗಳಿಗೆ ಈಗ ತಿಂಗಳು ತಿಂಗಳು ಸಂಬಳ ಬರುತ್ತಿದೆ. ಸುಗ್ಗಿಯ ದುಡ್ಡನ್ನು ಮುಂದಿನ ಸುಗ್ಗಿಯವರೆಗೆ ಎಳೆದುಕೊಂಡು ಹೋಗುವುದು ಹೇಗೆಂದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಸಂಬಳದ ಚೀಟಿಯಲ್ಲಿ ಪಿಎಫ್, ಇಎಸ್‌ಐ ಎಂದು ಕಡಿತವಾಗಿರುವುದೇನು, ಬ್ಯಾಂಕಿನಿಂದ ಫೋನ್ ಮಾಡಿ ಕ್ರೆಡಿಟ್ ಕಾರ್ಡ್ ಕೊಡುತ್ತೇವೆ ಎನ್ನುವವರಿಗೆ ಏನು ಹೇಳಬೇಕು ಎಂಬುದನ್ನು ತಿಳಿಸಿಕೊಡುವವರು ಮಾತ್ರ ಬಹಳ ಮನೆಗಳಲ್ಲಿ ಇಲ್ಲ. ಮನೆಯಲ್ಲಿ ಮೊದಲ ಸಂಬಳಗಾರರು ನೀವೇ.

ಆದರೆ ಹಿರಿಯರು ಒಂದು ಅಳತೆಗೋಲು ಬಿಟ್ಟು ಹೋಗಿದ್ದಾರೆ. ಊರಲ್ಲಿ ಸಾಲ ಕೇಳುವಾಗ ‘ಎಷ್ಟು ರೂಪಾಯಿ ಬಡ್ಡಿ?’ ಎಂದು ಕೇಳುತ್ತಾರಲ್ಲ, ಅದು. ಎರಡು ರೂಪಾಯಿ ಬಡ್ಡಿ ಎಂದರೆ ನೂರು ರೂಪಾಯಿಗೆ ತಿಂಗಳಿಗೆ ಎರಡು ರೂಪಾಯಿ, ವರ್ಷಕ್ಕೆ 24. ಮೂರು ರೂಪಾಯಿ ಎಂದರೆ ವರ್ಷಕ್ಕೆ 36. ಶೇಕಡಾವಾರು, ಎಪಿಆರ್, ಫ್ಲಾಟ್ ರೇಟ್ ಎಂಬ ಹೆಸರುಗಳೆಲ್ಲ ಬಂದಮೇಲೆ ಈ ಸರಳ ಪ್ರಶ್ನೆಯನ್ನು ಕೇಳುವುದನ್ನೇ ನಾವು ಬಿಟ್ಟಿದ್ದೇವೆ. ದುಡ್ಡಿನ ಯಾವ ವಿಷಯ ಎದುರಿಗೆ ಬಂದರೂ, ಸಾಲವಿರಲಿ, ಉಳಿತಾಯವಿರಲಿ, ಯಾರೋ ಹೇಳುವ ಲಾಭವಿರಲಿ, ನೂರಕ್ಕೆ ತಿಂಗಳಿಗೆ ಎಷ್ಟು ಎಂದು ಮೊದಲು ಲೆಕ್ಕ ಹಾಕಿ. ನಾನು ಇವತ್ತು ಹೇಳುವುದೆಲ್ಲ ಈ ಒಂದು ಪ್ರಶ್ನೆಯಿಂದಲೇ ಹೊರಡುತ್ತದೆ.

ಕ್ರೆಡಿಟ್ ಕಾರ್ಡನ್ನೇ ತೆಗೆದುಕೊಳ್ಳಿ. ಬಿಲ್ಲನ್ನು ಗಡುವಿನೊಳಗೆ ಪೂರ್ತಿ ಕಟ್ಟಿದರೆ ಬಡ್ಡಿ ಇಲ್ಲ. ಕಟ್ಟದಿದ್ದರೆ ಬಹುತೇಕ ಕಾರ್ಡುಗಳಲ್ಲಿ ಮೂರೂವರೆ ರೂಪಾಯಿಯ ಆಸುಪಾಸು ಬಡ್ಡಿ. ಊರಿನ ಬಡ್ಡಿ ಸಾಹುಕಾರ ಕೇಳುವುದಕ್ಕಿಂತ ಇದು ಕಡಿಮೆಯೇನಲ್ಲ. ಬಿಲ್ಲಿನ ಮೂಲೆಯಲ್ಲಿ ‘ಕನಿಷ್ಠ ಪಾವತಿ’ ಎಂದು ಒಂದು ಸಣ್ಣ ಮೊತ್ತ ಇರುತ್ತದೆ. 20,000 ಬಾಕಿ ಇದೆ, ಕನಿಷ್ಠ ಪಾವತಿ 1,000 ಅಂದುಕೊಳ್ಳಿ. ಆ ತಿಂಗಳ ಬಡ್ಡಿ 700, ಅದರ ಮೇಲೆ ಶೇ 18ರ ಜಿಎಸ್‌ಟಿ 126. ನೀವು ಕಟ್ಟಿದ ಸಾವಿರದಲ್ಲಿ ಅಸಲಿಗೆ ಹೋದದ್ದು 174 ರೂಪಾಯಿ ಮಾತ್ರ. ಹೀಗೇ ಕಟ್ಟುತ್ತ ಹೋದರೆ ವರ್ಷಗಳೇ ಉರುಳುತ್ತವೆ. ಪೂರ್ತಿ ಬಿಲ್ ಕಟ್ಟುವ ಶಿಸ್ತು ಬರುವವರೆಗೆ ಕಾರ್ಡನ್ನು ಹತ್ತಿರ ಸೇರಿಸಬೇಡಿ ಎಂದೇ ನಾನು ಹೇಳುವುದು.

ಇನ್ನು ಬೈಕ್ ಸಾಲ. ಪಾಳಿ ಕೆಲಸಕ್ಕೆ ಹೋಗುವವರಿಗೆ ಬೈಕ್ ಶೋಕಿಗಾಗಿ ಬೇಕಾದದ್ದಲ್ಲ ಎಂಬುದು ನನಗೂ ಗೊತ್ತು. ರಾತ್ರಿ ಪಾಳಿ ಮುಗಿದಾಗ ಬಸ್ಸು ಎಲ್ಲಿರುತ್ತದೆ? ಆದರೆ ಶೋರೂಮಿನಲ್ಲಿ ಕೂತವರು ‘ಹತ್ತೇ ಪರ್ಸೆಂಟ್, ಫ್ಲಾಟ್’ ಎಂದಾಗ ಅಲ್ಲೇ ಲೆಕ್ಕ ಹಾಕಿ. ಒಂದು ಲಕ್ಷಕ್ಕೆ ಮೂರು ವರ್ಷ, ವರ್ಷಕ್ಕೆ ಹತ್ತು ಸಾವಿರದಂತೆ ಬಡ್ಡಿ 30,000. ತಿಂಗಳ ಕಂತು 3,611. ನೀವು ಪ್ರತಿ ತಿಂಗಳೂ ಅಸಲನ್ನು ತೀರಿಸುತ್ತಿರುತ್ತೀರಿ, ಬಡ್ಡಿ ಮಾತ್ರ ಕಡೆಯವರೆಗೂ ಪೂರ್ತಿ ಒಂದು ಲಕ್ಷದ ಮೇಲೇ ನಡೆಯುತ್ತದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಸುಮಾರು ಶೇ 18, ಅಂದರೆ ಒಂದೂವರೆ ರೂಪಾಯಿ ಬಡ್ಡಿ. ಬ್ಯಾಂಕಿನವರು ‘ಇಳಿಕೆ ಬಾಕಿಯ ಮೇಲೆ ಶೇ 12’ ಎಂದರೆ ಅದು ಇದಕ್ಕಿಂತ ಎಷ್ಟೋ ಅಗ್ಗ. ಕೇಳಿಸಿಕೊಳ್ಳುವಾಗ ಹತ್ತು ಚಿಕ್ಕದು, ಹನ್ನೆರಡು ದೊಡ್ಡದು. ಕಟ್ಟುವಾಗ ಅದು ತಿರುಗುಮುರುಗಾಗುತ್ತದೆ.

ಮೊಬೈಲಿನಲ್ಲಿ ಸಾಲ ಕೊಡುವ ಆ್ಯಪ್‌ಗಳ ವಿಷಯವನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. 5,000 ಸಾಲ ಎಂದು ಹೇಳಿ, ಶುಲ್ಕ ಹಿಡಿದು ಕೈಗೆ 3,500 ಹಾಕಿ, ಏಳು ದಿನಕ್ಕೆ 5,000 ಕೇಳಿದರೆ ಅದು ವಾರಕ್ಕೇ ನೂರಕ್ಕೆ ಸುಮಾರು 43 ರೂಪಾಯಿ. ತಿಂಗಳ ಲೆಕ್ಕ ಹಾಕಲೂ ಭಯವಾಗುತ್ತದೆ. ಆಮೇಲೆ ನಿಮ್ಮ ಫೋನಿನಲ್ಲಿರುವ ನಂಬರುಗಳಿಗೆಲ್ಲ ಕರೆ ಮಾಡಿ ಮಾನ ಕಳೆಯುತ್ತಾರೆ. ಇಂಥವುಗಳನ್ನು ತಡೆಯಲು ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ತಂದಿದೆ. ಸಾಲ ಕೊಡುವ ಬ್ಯಾಂಕ್ ಅಥವಾ ಹಣಕಾಸು ಕಂಪನಿ ಯಾವುದೆಂದು ಹೇಳಬೇಕು, ದುಡ್ಡು ಅದರ ಖಾತೆಯಿಂದ ನೇರವಾಗಿ ನಿಮ್ಮ ಖಾತೆಗೆ ಬರಬೇಕು, ಎಲ್ಲ ಶುಲ್ಕ ಸೇರಿಸಿ ವರ್ಷಕ್ಕೆ ಎಷ್ಟು ಬೀಳುತ್ತದೆ ಎಂಬ ಪತ್ರವನ್ನು ಮೊದಲೇ ಕೊಡಬೇಕು. ಕೊಡದವರ ಸಾಲ ಬೇಡ. ಮೀಟರ್ ಬಡ್ಡಿ, ಕಿರುಸಾಲ ಎಂದು ಈಗಾಗಲೇ ಸಿಕ್ಕಿಕೊಂಡವರು ಹೆದರಿ ಊರು ಬಿಡಬೇಕಾಗಿಲ್ಲ. ಮಿತಿಮೀರಿದ ಬಡ್ಡಿಯನ್ನು ನಿಷೇಧಿಸುವ ಕಾಯ್ದೆ ನಮ್ಮ ರಾಜ್ಯದಲ್ಲಿ 2004ರಿಂದಲೇ ಇದೆ. 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯಾಗಿ ಬಂದು ಆಮೇಲೆ ಕಾಯ್ದೆಯಾದ ಇನ್ನೊಂದು ಕಾನೂನಿನಲ್ಲಿ, ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಇದೆ. ಬಾಗಿಲಿಗೆ ಬಂದು ಕೂಗಾಡುವವರ ವಿರುದ್ಧ ಪೊಲೀಸ್ ಠಾಣೆಗೆ ಹೋಗುವುದು ನಾಚಿಕೆಯ ವಿಷಯವೇ ಅಲ್ಲ.

ಈಗ ನಮ್ಮ ಸೀಮೆಯದೇ ಒಂದು ವಿಷಯ. ಹೂಡಿಕೆಯ ಪುಸ್ತಕಗಳಲ್ಲಿ ಇದನ್ನು ಯಾರೂ ಬರೆಯುವುದಿಲ್ಲ. ಗುಬ್ಬಿ, ಕುಣಿಗಲ್ ಕಡೆಯ ಬಹಳ ಮನೆಗಳಲ್ಲಿ ಬೋರ್‌ವೆಲ್ ಸಾಲ ಇದೆ. ಒಂದು ಕೊರೆಸಿ ನೀರು ಬರದೆ ಮತ್ತೊಂದು ಕೊರೆಸಿ, ತೋಟ ಒಣಗಬಾರದೆಂದು ಎರಡು ರೂಪಾಯಿ, ಮೂರು ರೂಪಾಯಿ ಬಡ್ಡಿಗೆ ಕೈಸಾಲ ತಂದಿರುತ್ತಾರೆ. ಮಗನಿಗೆ ಕೆಲಸ ಸಿಕ್ಕಿತು, ಮಗಳಿಗೆ ಕೆಲಸ ಸಿಕ್ಕಿತು, ಆದರೆ ಅಪ್ಪ ಸಾಲದ ಮಾತು ಎತ್ತುವುದಿಲ್ಲ. ಮಕ್ಕಳು ಪೇಟೆಯಲ್ಲಿ ಯಾರೋ ಹೇಳಿದರೆಂದು ಎಸ್‌ಐಪಿ ಎಂದು ಮ್ಯೂಚುವಲ್ ಫಂಡಿಗೆ ತಿಂಗಳ ಕಂತು ಶುರುಮಾಡುತ್ತಾರೆ. ಮೂರು ರೂಪಾಯಿ ಬಡ್ಡಿಯ ಸಾಲ ಮನೆಯಲ್ಲಿರುವಾಗ ಬೇರೆ ಕಡೆ ದುಡ್ಡು ಹಾಕುವುದರಲ್ಲಿ ಅರ್ಥವಿಲ್ಲ. ವರ್ಷಕ್ಕೆ ಶೇ 36 ಖಚಿತವಾಗಿ ಕೊಡುವ ಹೂಡಿಕೆ ಭೂಮಿಯ ಮೇಲೆ ಎಲ್ಲೂ ಇಲ್ಲ. ಆ ಸಾಲ ತೀರಿಸಿದರೆ ಅಷ್ಟು ಲಾಭ ನಿಮ್ಮ ಮನೆಗೇ ಉಳಿಯಿತು. ಆದ್ದರಿಂದ ಒಂದು ಭಾನುವಾರ ಊರಿಗೆ ಹೋದಾಗ ಅಪ್ಪ, ಅಮ್ಮನನ್ನು ಕೂರಿಸಿಕೊಂಡು, ‘ಯಾರ್‍ಯಾರಿಗೆ ಎಷ್ಟು ಕೊಡಬೇಕು, ಎಷ್ಟು ರೂಪಾಯಿ ಬಡ್ಡಿ?’ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಗದರಿಸಿ ಕೇಳಬೇಡಿ, ಅವರು ಮಾಡಿದ ಸಾಲದಲ್ಲಿ ನಿಮ್ಮ ಕಾಲೇಜು ಫೀಸೂ ಇರಬಹುದು. ಹೆಚ್ಚು ಬಡ್ಡಿಯದು ಮೊದಲು ತೀರಲಿ.

ಜೊತೆಗೆ ಸೊಸೈಟಿಯಲ್ಲಿ ಬೆಳೆ ಸಾಲ ಸಿಗುತ್ತದೆಯೇ ವಿಚಾರಿಸಿ. ನಮ್ಮ ರಾಜ್ಯದಲ್ಲಿ ಪ್ರಾಥಮಿಕ ಸಹಕಾರ ಸಂಘಗಳ ಮೂಲಕ ಸಿಗುವ ಅಲ್ಪಾವಧಿ ಬೆಳೆ ಸಾಲ ಸಕಾಲಕ್ಕೆ ಕಟ್ಟಿದವರಿಗೆ ಬಡ್ಡಿಯಿಲ್ಲದ್ದು. ಅದರ ಮಿತಿಯನ್ನು 2023ರ ಬಜೆಟ್ಟಿನಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದರು. ಬಡ್ಡಿಯೇ ಇಲ್ಲದ ಸಾಲ ಪಕ್ಕದಲ್ಲಿರುವಾಗ ಬೀಜ, ಗೊಬ್ಬರಕ್ಕೂ ಮೂರು ರೂಪಾಯಿ ಬಡ್ಡಿ ಕಟ್ಟುವ ಮನೆಗಳಿವೆ, ಕಾಗದ ಪತ್ರ ಓಡಾಡಿಸುವವರಿಲ್ಲದೆ. ಓದಿದ ನೀವು ಆ ಓಡಾಟ ಮಾಡಿದರೆ ಅದೇ ಒಂದು ಸಂಬಳ.

ಸಾಲದ ಹಾಳೆ ಸ್ವಲ್ಪ ಹಗುರವಾದ ಮೇಲೆ ಉಳಿತಾಯ. ಕನ್ನಡ ನಾಡಿಗೆ ಉಳಿತಾಯದಲ್ಲಿ ಹೆಮ್ಮೆಪಡುವ ಒಂದು ಚರಿತ್ರೆ ಇದೆ. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಅವರು ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಕೈಮಗ್ಗದ ಕಸುಬು ಬಿದ್ದುಹೋಗಿ ಕಂಗಾಲಾಗಿದ್ದ ನೇಕಾರರಿಗೆ ಆಸರೆಯಾಗುವುದು ಅದರ ಉದ್ದೇಶಗಳಲ್ಲಿ ಒಂದು. 1928ರಲ್ಲಿ ಅವರು ಪಿಗ್ಮಿ ಯೋಜನೆ ತಂದರು. ಬ್ಯಾಂಕಿನ ಏಜೆಂಟರು ದಿನವೂ ಮನೆ, ಅಂಗಡಿಗಳ ಬಾಗಿಲಿಗೆ ಹೋಗಿ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಪಡೆದು ಪುಸ್ತಕದಲ್ಲಿ ಬರೆದುಕೊಡುತ್ತಿದ್ದರು. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಮಾತ್ರ ಇಂದಿಗೂ ನಮ್ಮ ಪೇಟೆ ಬೀದಿಗಳಲ್ಲಿ ಉಳಿದಿದೆ. ಆ ಯೋಜನೆ ಹಿಡಿದಿದ್ದ ಮರ್ಮ ಒಂದೇ. ದಿನದ ದುಡಿಮೆ ಖರ್ಚಾಗುವ ಮೊದಲೇ ಅದರ ಒಂದು ಪಾಲು ಕೈಬಿಟ್ಟು ಹೋಗಬೇಕು. ತಿಂಗಳ ಕೊನೆಗೆ ಉಳಿದದ್ದನ್ನು ಇಡೋಣ ಎಂದವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಈಗ ಯುಪಿಐ ಬಂದು, ಟೀ ಕುಡಿದರೂ ಸ್ಕ್ಯಾನ್ ಮಾಡುವ ಕಾಲದಲ್ಲಿ, ನೋಟು ಕರಗುವುದು ಕಣ್ಣಿಗೂ ಕಾಣುವುದಿಲ್ಲ.

ದಿನಗೂಲಿಗೆ ಪಿಗ್ಮಿ ಹೇಗೋ ತಿಂಗಳ ಸಂಬಳಕ್ಕೆ ಆರ್‌ಡಿ, ಅಂದರೆ ತಿಂಗಳ ಕಂತಿನ ಠೇವಣಿ, ಹಾಗೆ. ಸಂಬಳ ಬಿದ್ದ ಮರುದಿನವೇ ತಾನಾಗಿ ಕಡಿತವಾಗುವಂತೆ ಬರೆದುಕೊಟ್ಟುಬಿಡಿ. ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಯನ್ನು ತಿಂಗಳಿಗೆ ನೂರು ರೂಪಾಯಿಯಿಂದಲೇ ಶುರುಮಾಡಬಹುದು. 2023ರ ಅಕ್ಟೋಬರಿನಲ್ಲಿ ಅದರ ಬಡ್ಡಿ ಶೇ 6.7 ಆಯಿತು. ಆ ದರದಲ್ಲಿ ತಿಂಗಳಿಗೆ ಸಾವಿರದಂತೆ 60,000 ಕಟ್ಟಿದರೆ ಐದು ವರ್ಷಕ್ಕೆ 71,000ಕ್ಕೆ ಸ್ವಲ್ಪ ಮೇಲೆ ಬರುತ್ತದೆ. ನಮ್ಮ ಅಳತೆಯಲ್ಲಿ ಇದು ನೂರಕ್ಕೆ ತಿಂಗಳಿಗೆ 56 ಪೈಸೆ. ಕಡಿಮೆ ಅನ್ನಿಸಬಹುದು. ಆದರೆ ಈ ಮೊದಲ ದುಡ್ಡಿನ ಕೆಲಸ ಬೆಳೆಯುವುದಲ್ಲ, ಕಾಯುವುದು. ಮೂರು ತಿಂಗಳ ರೂಮು ಬಾಡಿಗೆ, ಊಟ, ಓಡಾಟದ ಖರ್ಚು ಒಂದು ಕಡೆ ಇದ್ದರೆ ಗುತ್ತಿಗೆದಾರ ನಾಳೆಯಿಂದ ಬರಬೇಡ ಎಂದಾಗ, ಅಮ್ಮನನ್ನು ಆಸ್ಪತ್ರೆಗೆ ಸೇರಿಸಬೇಕಾದಾಗ ನೀವು ಮೂರು ರೂಪಾಯಿ ಬಡ್ಡಿಯವರ ಮನೆ ಬಾಗಿಲಿಗೆ ಹೋಗಬೇಕಾಗಿಲ್ಲ. ಇಷ್ಟವಿಲ್ಲದ ಕೆಲಸವನ್ನು ಬಿಟ್ಟು ಬೇರೆಯದನ್ನು ಹುಡುಕುವ ಧೈರ್ಯವೂ ಈ ಮೂರು ತಿಂಗಳ ದುಡ್ಡಿನಿಂದಲೇ ಬರುವುದು.

ಆ ದುಡ್ಡನ್ನು ಎಲ್ಲಿಡಬೇಕು ಎಂಬುದು ಮುಖ್ಯ. ಬ್ಯಾಂಕ್ ಮುಳುಗಿದರೂ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷದವರೆಗಿನ ಠೇವಣಿಗೆ ವಿಮೆ ಇದೆ. 2020ರ ಫೆಬ್ರುವರಿಗೆ ಮೊದಲು ಅದು ಒಂದೇ ಲಕ್ಷ ಇತ್ತು. ಸಹಕಾರಿ ಬ್ಯಾಂಕುಗಳೂ ಇದರಲ್ಲಿ ಸೇರುತ್ತವೆ. ಆದರೆ ನಮ್ಮ ಬೀದಿಗಳಲ್ಲಿ ಬೋರ್ಡು ಹಾಕಿಕೊಂಡಿರುವ ಪತ್ತಿನ ಸಹಕಾರ ಸಂಘಗಳು, ಸೌಹಾರ್ದ ಸಹಕಾರಿಗಳು ಬ್ಯಾಂಕುಗಳಲ್ಲ. ಅಲ್ಲಿನ ಠೇವಣಿಗೆ ಈ ವಿಮೆ ಇಲ್ಲ. ಸಹಕಾರ ಚಳವಳಿಯನ್ನು ನಾನು ಹಗುರವಾಗಿ ಕಾಣುವವನಲ್ಲ. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಶುರುಮಾಡಿದ ಸಂಘದಿಂದ ಎಷ್ಟು ರೈತರ ಮನೆ ಉಳಿಯಿತು! ಊರಿನ ಸಂಘದಲ್ಲಿ ಸದಸ್ಯರಾಗಿ, ವಾರ್ಷಿಕ ಸಭೆಗೆ ಹೋಗಿ ಲೆಕ್ಕ ಕೇಳುವವರು ಅಲ್ಲಿ ಒಂದಿಷ್ಟು ಇಡಲಿ. ಕಷ್ಟಕಾಲದ ದುಡ್ಡನ್ನು ಮಾತ್ರ ವಿಮೆ ಇರುವ ಕಡೆಯೇ ಇಡಿ. ಚೀಟಿ ಹಾಕುವುದಾದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾದದ್ದೇ ಎಂದು ಕೇಳಿ. ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ.

ಯಾರಾದರೂ ತಿಂಗಳಿಗೆ ನೂರಕ್ಕೆ ಎರಡು ಮೂರು ರೂಪಾಯಿ ನಾವೇ ಕೊಡುತ್ತೇವೆ ಎಂದರೆ ಮತ್ತೆ ಅದೇ ಅಳತೆಗೋಲು ಹಿಡಿಯಿರಿ. ದೇಶದ ದೊಡ್ಡ ಬ್ಯಾಂಕುಗಳು, ಅಂಚೆ ಇಲಾಖೆ ಐವತ್ತು ಅರವತ್ತು ಪೈಸೆ ಕೊಡುವಾಗ ಇವರಿಗೆ ಮೂರು ರೂಪಾಯಿ ಎಲ್ಲಿಂದ ಬಂತು? ಹೊಸದಾಗಿ ಸೇರಿದವರ ದುಡ್ಡನ್ನೇ ಹಳಬರಿಗೆ ಕೊಡುತ್ತಿರುತ್ತಾರೆ. 2019ರಲ್ಲಿ ಬೆಂಗಳೂರಿನ ಐಎಂಎ ಎಂಬ ಹೂಡಿಕೆ ಕಂಪನಿ ಕುಸಿದಾಗ ಸಾವಿರಾರು ಬಡ, ಮಧ್ಯಮ ವರ್ಗದ ಮನೆಗಳ ದುಡ್ಡು ಮುಳುಗಿತು. ಶೇರು ಪೇಟೆಯ ಆಪ್ಷನ್ಸ್ ಆಟವೂ ಎಳೆಯರನ್ನು ಸೆಳೆಯುತ್ತಿದೆ. ಶೇರು ಪೇಟೆಯ ನಿಯಂತ್ರಕ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೂರು ವರ್ಷಗಳಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಆಡಿದ ಸಾಮಾನ್ಯ ಜನರಲ್ಲಿ ಶೇ 93 ಮಂದಿ ಕಳೆದುಕೊಂಡರು, ತಲಾ ಸರಾಸರಿ ಸುಮಾರು ಎರಡು ಲಕ್ಷ. ಶೇರು ಬೇಕೆಂದರೆ, ಸಾಲ ತೀರಿ, ಮೂರು ತಿಂಗಳ ದುಡ್ಡು ಕೂಡಿದ ಮೇಲೆ, ಹತ್ತು ವರ್ಷ ಮುಟ್ಟುವುದಿಲ್ಲ ಎನ್ನುವಷ್ಟನ್ನು ಮಾತ್ರ ಸೂಚ್ಯಂಕದ ಮ್ಯೂಚುವಲ್ ಫಂಡಿಗೆ ಹಾಕಿ.

ಇನ್ನು ಪಿಎಫ್, ಅಂದರೆ ಭವಿಷ್ಯ ನಿಧಿ. ಎಳೆಯರು ಅತಿ ಹೆಚ್ಚು ಕಳೆದುಕೊಳ್ಳುತ್ತಿರುವುದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ. ಮೂಲ ವೇತನ 15,000 ಇರುವವರ ಸಂಬಳದಿಂದ ಶೇ 12, ಅಂದರೆ 1,800 ಹಿಡಿಯುತ್ತಾರೆ. ಕಂಪನಿಯೂ 1,800 ಹಾಕುತ್ತದೆ; ಅದರಲ್ಲಿ 1,250 ಪಿಂಚಣಿ ಖಾತೆಗೆ, 550 ನಿಮ್ಮ ಪಿಎಫ್‌ಗೆ. ಹಾಗಾಗಿ ಪಿಎಫ್‌ನಲ್ಲಿ ತಿಂಗಳಿಗೆ 2,350 ಸೇರುತ್ತದೆ. 2024–25ರ ಬಡ್ಡಿ ಶೇ 8.25, ನೂರಕ್ಕೆ 69 ಪೈಸೆ. ಆ ದರ ಹಾಗೇ ಇದ್ದು ಹತ್ತು ವರ್ಷ ಮುಟ್ಟದೆ ಬಿಟ್ಟರೆ, ಸಂಬಳ ಒಂದು ರೂಪಾಯಿಯೂ ಏರದಿದ್ದರೂ, ನಾಲ್ಕು ಲಕ್ಷ ದಾಟುತ್ತದೆ. ಆದರೆ ನಮ್ಮ ಹುಡುಗರು ಮಾಡುವುದೇನು? ಒಂದೂವರೆ ವರ್ಷಕ್ಕೆ ಗುತ್ತಿಗೆದಾರ ಬದಲಾದ, ಫಾರಂ 19 ಹಾಕಿ ದುಡ್ಡು ತೆಗೆದರು. ಹೊಸ ಕಂಪನಿ ಸೇರಿದರು, ಬಿಟ್ಟರು, ಮತ್ತೆ ತೆಗೆದರು. ಐದು ವರ್ಷ ತುಂಬುವ ಮೊದಲು ತೆಗೆದ ದುಡ್ಡು ತೆರಿಗೆಯ ಲೆಕ್ಕಕ್ಕೂ ಬರುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಪಿಂಚಣಿಯದು. ಹತ್ತು ವರ್ಷದ ಸೇವೆ ಕೂಡಿದವರಿಗೆ 58ಕ್ಕೆ ತಿಂಗಳ ಪಿಂಚಣಿಯ ಹಕ್ಕು ಬರುತ್ತದೆ. ಪಿಂಚಣಿ ಖಾತೆಯ ದುಡ್ಡನ್ನೂ ತೆಗೆದುಕೊಂಡವರ ಸೇವೆಯ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಪಿಎಫ್‌ನ ಯುಎಎನ್ ನಂಬರು ಜೀವನಕ್ಕೆಲ್ಲ ಒಂದೇ. ಕೆಲಸ ಬದಲಿಸಿದಾಗ ಅದೇ ನಂಬರು ಕೊಟ್ಟು ವರ್ಗಾಯಿಸಿಕೊಳ್ಳಿ.

ಗುತ್ತಿಗೆ ಕೆಲಸಗಾರರು ಇನ್ನೊಂದು ವಿಷಯ ನೋಡಬೇಕು. ಸಂಬಳದಿಂದ ಹಿಡಿದ ಪಿಎಫ್ ನಿಜವಾಗಿ ಕಟ್ಟಿದ್ದಾರೆಯೇ? ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆದು ತಿಂಗಳು ತಿಂಗಳು ನೋಡಿ. ಒಂದು ತಿಂಗಳು ಬಿದ್ದಿಲ್ಲವೆಂದರೆ ಆಗಲೇ ಕೇಳಿ. ಎರಡು ವರ್ಷ ಕಳೆದು, ಗುತ್ತಿಗೆದಾರ ಊರು ಬಿಟ್ಟ ಮೇಲೆ ಕೇಳುವುದು ಕಷ್ಟ.

ಇಎಸ್‌ಐ ಎಂಬ ನೌಕರರ ವಿಮೆಯನ್ನೂ ಹೀಗೆಯೇ ಗಮನಿಸಿ. ತಿಂಗಳ ಸಂಬಳ 21,000ದವರೆಗೆ ಇರುವವರಿಗೆ ಇದು ಅನ್ವಯ. 18,000 ಸಂಬಳಕ್ಕೆ ನಿಮ್ಮಿಂದ 135 ರೂಪಾಯಿ, ಕಂಪನಿಯಿಂದ 585. ಅಷ್ಟಕ್ಕೆ ನಿಮಗೂ ನಿಮ್ಮನ್ನೇ ಆಶ್ರಯಿಸಿದ ತಂದೆ ತಾಯಿಗೂ ಚಿಕಿತ್ಸೆ. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70. ಹೆರಿಗೆಗೆ 26 ವಾರ ಪೂರ್ತಿ ಸಂಬಳ. ಮನೆಯವರ ಹೆಸರು ಸೇರಿಸದೆ ಎಷ್ಟೋ ಜನ ಕಾರ್ಡನ್ನು ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಊರಿನ ಸೊಸೈಟಿಯ ಸದಸ್ಯರಾದ ತಂದೆ ತಾಯಿಗೆ ಯಶಸ್ವಿನಿ ಆರೋಗ್ಯ ರಕ್ಷಣೆ ಇದೆ. 2003ರಲ್ಲಿ ಶುರುವಾಗಿ, ನಡುವೆ ನಿಂತು, ಮತ್ತೆ ಆರಂಭವಾದ ಯೋಜನೆ ಅದು. ನೋಂದಣಿಯ ತಿಂಗಳುಗಳನ್ನು ತಪ್ಪಿಸಬೇಡಿ. ಬ್ಯಾಂಕ್ ಖಾತೆ ಇದ್ದವರಿಗೆ ವರ್ಷಕ್ಕೆ 20 ರೂಪಾಯಿಗೆ ಎರಡು ಲಕ್ಷದ ಅಪಘಾತ ವಿಮೆ, 436ಕ್ಕೆ ಎರಡು ಲಕ್ಷದ ಜೀವ ವಿಮೆ ಸಿಗುತ್ತದೆ. ಹೆದ್ದಾರಿಯ ಮೇಲೆ ದಿನವೂ ಬೈಕ್ ಓಡಿಸುವ ಊರಿನವರು ನಾವು. ಈ 456 ರೂಪಾಯಿಯನ್ನು ಮುಂದಕ್ಕೆ ಹಾಕಬೇಡಿ.

ಖರ್ಚಿನ ಬಗ್ಗೆ ಹೆಚ್ಚು ಉಪದೇಶ ಮಾಡುವುದಿಲ್ಲ. ಹೊಸ ಬಟ್ಟೆ, ಸಿನಿಮಾ ಬೇಡ ಎನ್ನುವುದು ನನ್ನ ಕೆಲಸವಲ್ಲ. ಟೀ ಕಾಫಿಯಲ್ಲಿ ಉಳಿಸುವುದಕ್ಕಿಂತ ಬಾಡಿಗೆ ಮತ್ತು ಓಡಾಟದಲ್ಲಿ ಉಳಿಸುವುದು ದೊಡ್ಡದು. ಬೆಂಗಳೂರಿನ ಪಿಜಿಗೆ ಕೊಡುವ ದುಡ್ಡಿನ ಪಕ್ಕದಲ್ಲಿ ಕೆಲವು ನೂರು ರೂಪಾಯಿಯ ರೈಲ್ವೆ ಪಾಸನ್ನು ಇಟ್ಟು ನೋಡಿ, ಆಮೇಲೆ ದೇಹ ತಡೆದುಕೊಳ್ಳುತ್ತದೆಯೇ ಎಂದೂ ನೋಡಿ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್‌ಗೆ ದುಡ್ಡಿಲ್ಲ. ಕುಣಿಗಲ್ಲಿನಿಂದ ತುಮಕೂರಿಗೆ ದಿನವೂ ಓಡಾಡುವ ತಂಗಿ, ಮೊದಲು ಬಸ್ಸಿಗೆ ಎಷ್ಟು ಹೋಗುತ್ತಿತ್ತೋ ಅಷ್ಟನ್ನು ನಿಮ್ಮ ಹೆಸರಿನ ಆರ್‌ಡಿಗೆ ಹಾಕಿ.

ನಿಮ್ಮ ಹೆಸರಿನ ಎಂದದ್ದು ಸುಮ್ಮನೆ ಅಲ್ಲ. ಹೆಣ್ಣುಮಕ್ಕಳ ಸಂಬಳದ ಖಾತೆ ಅವರ ಹೆಸರಲ್ಲೇ ಇದ್ದರೂ ಎಟಿಎಂ ಕಾರ್ಡು ಅಪ್ಪನ ಬಳಿಯೋ ಅಣ್ಣನ ಬಳಿಯೋ, ಮದುವೆಯಾದ ಮೇಲೆ ಗಂಡನ ಬಳಿಯೋ ಇರುವುದು ನಮ್ಮಲ್ಲಿ ಇನ್ನೂ ಇದೆ. ಮನೆಗೆ ಕೊಡಿ, ಧಾರಾಳವಾಗಿ ಕೊಡಿ. ಆದರೆ ಕಾರ್ಡು, ಪಿನ್ನು, ಪಾಸ್‌ಬುಕ್ಕು ನಿಮ್ಮ ಕೈಯಲ್ಲೇ ಇರಲಿ. ಈ ಮಾತನ್ನು ಕೇಳುತ್ತಿರುವ ತಂದೆಯರೂ ಅಣ್ಣಂದಿರೂ ಇದ್ದರೆ, ಆ ಕಾರ್ಡನ್ನು ಇವತ್ತೇ ಅವಳ ಕೈಗೆ ಕೊಟ್ಟುಬಿಡಿ ಎಂದು ಕೇಳಿಕೊಳ್ಳುತ್ತೇನೆ.